ಮಂದದೃಷ್ಟಿಗೆ ನೆರವಾಗುವ ಮಾತಿನ ಕನ್ನಡಕ

ಮನೆಯ ಹಿರಿಯರು ದಿನಪತ್ರಿಕೆಯನ್ನು ಬಿಡಿಸಿ, ಓದದೆ ಮತ್ತೆ ಮಡಿಸಿಡುತ್ತಾರೆ. ಅಜ್ಜಿ ಅಕ್ಕಿಯೊಳಗಿನ ಕಲ್ಲನ್ನು ಬೆರಳಿನಿಂದ ತಡವಿ ಹುಡುಕುತ್ತಾರೆ. "ವಯಸ್ಸಾಯಿತು, ಇನ್ನೇನು?" ಎಂದು ಮನೆಮಂದಿ ಸುಮ್ಮನಾಗುತ್ತಾರೆ. ಆಲೂರು, ಸಕಲೇಶಪುರದ ಗುಡ್ಡಗಳ ನಡುವಿನ ಪಾಳ್ಯದಂತಹ ಊರುಗಳಲ್ಲಿ ಮಳೆಗಾಲದ ಮಬ್ಬು, ಕಾಫಿ ತೋಟದ ದಟ್ಟ ನೆರಳು, ಏರಿಳಿತದ ಕಾಲುದಾರಿ ಇವೆಲ್ಲವೂ ಸೇರಿ ಮಂದವಾದ ಕಣ್ಣನ್ನು ಮತ್ತಷ್ಟು ಅಸಹಾಯಕಗೊಳಿಸುತ್ತವೆ. ಕ್ರಮೇಣ ಹಿರಿಯರ ಪ್ರಪಂಚ ಜಗುಲಿಯಷ್ಟಕ್ಕೇ ಕುಗ್ಗಿಬಿಡುತ್ತದೆ.

ಕುರುಡುತನ ಬೇರೆ, ಮಂದದೃಷ್ಟಿ ಬೇರೆ. ಆರೋಗ್ಯವಂತ ಕಣ್ಣು 18 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ತಕ್ಕ ಕನ್ನಡಕ ಧರಿಸಿದ ಮೇಲೂ 6 ಮೀಟರ್ ಹತ್ತಿರಕ್ಕೆ ಬಂದೇ ಓದಬೇಕಾದರೆ, ಅಲ್ಲಿಂದ ಮಂದದೃಷ್ಟಿಯ ಎಲ್ಲೆ ಆರಂಭವಾಗುತ್ತದೆ. ಕೇಂದ್ರ ಸರ್ಕಾರದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇದನ್ನು ಪ್ರತ್ಯೇಕವಾಗಿಯೇ ಗುರುತಿಸಿದೆ. ಇಂಥವರ ಕಣ್ಣಿನಲ್ಲಿ ಸ್ವಲ್ಪ ದೃಷ್ಟಿ ಉಳಿದಿರುತ್ತದೆ. ಆ ಉಳಿಕೆಯನ್ನು ಹೇಗೆ ದುಡಿಸಿಕೊಳ್ಳಬೇಕೆಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ವೈದ್ಯರು, ಆಮೇಲೆ ಯಂತ್ರ

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ವರ್ಷ ಮೀರಿದವರ ಕುರುಡುತನಕ್ಕೆ ಶೇ. 66.2ರಷ್ಟು ಪ್ರಕರಣಗಳಲ್ಲಿ ಕಣ್ಣಿನ ಪೊರೆಯೇ ಮುಖ್ಯ ಕಾರಣ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಬಿಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಅಸಂಖ್ಯ ಜನರಿಗೆ ಬೆಳಕು ಕೊಟ್ಟದ್ದು ಹೀಗೆಯೇ. ಆದ್ದರಿಂದ ನೇತ್ರತಜ್ಞರನ್ನು ಕಾಣದೆ ಯಾವ ಯಂತ್ರವನ್ನೂ ಕೊಳ್ಳತಕ್ಕದ್ದಲ್ಲ. ಗ್ಲಾಕೋಮಾದಿಂದ ಅಥವಾ ಅಕ್ಷಿಪಟಲದ ಸವೆತದಿಂದ ಹೋದ ದೃಷ್ಟಿ ಮರಳಲಾರದು. ಚಿಕಿತ್ಸೆಯ ನಂತರವೂ ಮಂದವಾಗಿಯೇ ಉಳಿದ ಇಂತಹ ಕಣ್ಣುಗಳಿಗಾಗಿಯೇ ಹೊಸ ಸಾಧನಗಳು ಹುಟ್ಟಿಕೊಂಡಿವೆ.

ಇವುಗಳಲ್ಲಿ ಎರಡು ಬಗೆಗಳಿವೆ. ಒಂದು, ಹಿಗ್ಗಿಸಿ ತೋರಿಸುವಂಥದು. ಕನ್ನಡಕದ ಮುಂಭಾಗದಲ್ಲಿರುವ ಕ್ಯಾಮೆರಾ ಎದುರಿನ ದೃಶ್ಯವನ್ನು ಹಿಡಿಯುತ್ತದೆ. ಕಣ್ಣಿನ ಸಮೀಪದ ಪುಟ್ಟ ತೆರೆಗಳು ಅದನ್ನು ದೊಡ್ಡದಾಗಿ, ಕಪ್ಪು-ಬಿಳುಪಿನ ಅಂತರವನ್ನು ಹೆಚ್ಚಿಸಿ ತೋರಿಸುತ್ತವೆ. ಕೆನಡಾದ ಈಸೈಟ್ ಈ ಮಾದರಿಯದು. ಇದು ಉಳಿದ ದೃಷ್ಟಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಇನ್ನೊಂದು, ಕಂಡದ್ದನ್ನು ಮಾತಾಗಿಸುವಂಥದು. ಕ್ಯಾಮೆರಾ ಹಿಡಿದ ಚಿತ್ರದೊಳಗಿನ ಅಕ್ಷರ, ವಸ್ತು, ಮುಖಗಳನ್ನು ಕಂಪ್ಯೂಟರ್ ಗುರುತಿಸಿ ಕಿವಿಗೆ ಹೇಳುತ್ತದೆ. ಇಸ್ರೇಲಿನ ಆರ್ಕ್ಯಾಮ್ ಈ ದಾರಿ ತುಳಿದ ಮೊದಲಿಗರಲ್ಲೊಂದು.

ಈ ಎರಡನೆಯ ಬಗೆಯ ಕನ್ನಡಕ ನಮ್ಮ ಬೆಂಗಳೂರಿನಲ್ಲಿಯೂ ಸಿದ್ಧವಾಗಿದೆಯೆಂಬುದು ಹೆಮ್ಮೆಯ ಸಂಗತಿ. ಎಸ್‌ಎಚ್‌ಜಿ ಟೆಕ್ನಾಲಜೀಸ್ ಸಂಸ್ಥೆಯು ವಿಷನ್-ಏಡ್ ಎಂಬ ಸೇವಾಸಂಸ್ಥೆಯ ಸಹಯೋಗದಿಂದ ಹೊರತಂದ 'ಸ್ಮಾರ್ಟ್ ವಿಷನ್' ಕನ್ನಡಕವು ಮೊಬೈಲ್ ಫೋನಿನೊಡನೆ ಜೊತೆಗೂಡಿ ಕೆಲಸ ಮಾಡುತ್ತದೆ. ಮುದ್ರಿತ ಹಾಳೆಯನ್ನು ಓದುವುದು, ಸುತ್ತಲಿನ ವಸ್ತುಗಳನ್ನು ವಿವರಿಸುವುದು, ನಡೆಯುವಾಗ ಎದುರಿನ ಅಡೆತಡೆಯನ್ನು ತಿಳಿಸುವುದು, ಮೊದಲೇ ನೆನಪಿನಲ್ಲಿಟ್ಟ ಮುಖಗಳನ್ನು ಗುರುತಿಸುವುದು ಇದರ ಮುಖ್ಯ ಕೆಲಸಗಳು.

ಕನ್ನಡವನ್ನು ಓದಬಲ್ಲುದೆ?

ಇದು ನಮ್ಮ ಓದುಗರು ಕೇಳಲೇಬೇಕಾದ ಪ್ರಶ್ನೆ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡದಲ್ಲಾದರೋ ಗುಣಿತಾಕ್ಷರ, ಅಡಿಗೆ ಬರುವ ಒತ್ತಕ್ಷರ ಇವುಗಳನ್ನೆಲ್ಲ ಯಂತ್ರ ಬಿಡಿಸಿ ತಿಳಿಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ 'ಲಿಪಿ ಜ್ಞಾನಿ' ತಂತ್ರಾಂಶವು ಮುದ್ರಿತ ಕನ್ನಡ ಲಿಪಿಯನ್ನು ಗುರುತಿಸುವ ಈ ಕೆಲಸದಲ್ಲಿ ಗಣ್ಯ ಪ್ರಯತ್ನ. ಹೀಗಿದ್ದರೂ ಕೈಬರಹದ ಪತ್ರ, ಮಾಸಿದ ಹಳೆಯ ಪುಸ್ತಕ, ಸುಕ್ಕಾದ ಔಷಧಿ ಚೀಟಿ ಇವುಗಳಲ್ಲಿ ಯಂತ್ರ ತಪ್ಪು ಓದಬಹುದು. ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಮನೆಯವರು ಮತ್ತೊಮ್ಮೆ ನೋಡಿಯೇ ಕೊಡಬೇಕು.

ಬೇರೆ ಮಿತಿಗಳೂ ಇವೆ. ಕೆಲವು ಸೌಲಭ್ಯಗಳಿಗೆ ಅಂತರಜಾಲ ಬೇಕು. ಮಲೆನಾಡಿನ ತಗ್ಗುಗಳಲ್ಲಿ ಸಂಪರ್ಕ ಸಿಗದಿರುವುದು ಸಾಮಾನ್ಯ. ಮಳೆಹನಿ ಬಿದ್ದ ಕ್ಯಾಮೆರಾ ಮಬ್ಬಾಗಿ ಕಾಣುತ್ತದೆ. ಹಾವಸೆಗಟ್ಟಿದ ಕಲ್ಲಿನ ಜಾರುವಿಕೆಯನ್ನು ಪಾದವಷ್ಟೇ ಅರಿಯಬಲ್ಲುದು. ಆದುದರಿಂದ ಕನ್ನಡಕ ಬಂತೆಂದು ಬಿಳಿಯ ಕೋಲನ್ನು ಮೂಲೆಗಿಡಲಾಗದು.

ಕೊಳ್ಳುವ ಮುನ್ನ ಬಳಸುವವರೇ ಅದನ್ನು ಧರಿಸಿ ನೋಡಲಿ. ಕನ್ನಡ ಪುಟವೊಂದನ್ನು ಓದಿಸಿ ಪರೀಕ್ಷಿಸಲಿ. ತರಬೇತಿ ಯಾರು ಕೊಡುತ್ತಾರೆ, ಕೆಟ್ಟರೆ ದುರಸ್ತಿ ಎಲ್ಲಿ ಎಂಬುದನ್ನು ಕೇಳಿ ತಿಳಿಯಬೇಕು. ಹಣ ಸಾಲದವರು ನಿರಾಶರಾಗಬೇಕಿಲ್ಲ. ಗೂಗಲ್‌ನ ಲುಕ್‌ಔಟ್, ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ ಎಂಬ ಉಚಿತ ತಂತ್ರಾಂಶಗಳು ಫೋನಿನಲ್ಲಿಯೇ ಇಂತಹ ಹಲವು ಕೆಲಸ ಮಾಡುತ್ತವೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವುಳ್ಳವರಿಗೆ ಸರ್ಕಾರದ ಸಾಧನ ಸಲಕರಣೆಗಳ ಯೋಜನೆಗಳಿವೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ವಿಚಾರಿಸಬಹುದು.

ಗದುಗಿನ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೂ ನಾಡಿಗೆ ನಾದದ ಬೆಳಕನ್ನು ಕೊಟ್ಟರು. ವೀರೇಶ್ವರ ಪುಣ್ಯಾಶ್ರಮವು ಅಂಧ ಮಕ್ಕಳಿಗೆ ಅನ್ನ, ಆಶ್ರಯದೊಡನೆ ವಿದ್ಯೆಯನ್ನೂ ಕೊಟ್ಟು ಸ್ವಾವಲಂಬನೆಯ ದಾರಿ ತೋರಿತು. ನಮ್ಮ ಮನೆಗಳಲ್ಲಿ ನಡೆಯಬೇಕಾದದ್ದೂ ಅದೇ. "ನೀವು ಕೂತಿರಿ, ನಾವು ಮಾಡುತ್ತೇವೆ" ಎಂಬ ಮಾತು ಪ್ರೀತಿಯದೇ ಆದರೂ ಹಿರಿಯರ ಕೈಯಿಂದ ಕಾಯಕವನ್ನು ಕಸಿದುಕೊಳ್ಳುತ್ತದೆ. ಪತ್ರಿಕೆಯನ್ನು ತಾವೇ ಕೇಳಿ ತಿಳಿಯುವ, ಬಾಗಿಲಿಗೆ ಬಂದವರನ್ನು ತಾವೇ ಹೆಸರಿಡಿದು ಕರೆಯುವ ಸಂತೋಷ ಅವರಿಗೆ ಮರಳಿ ದೊರೆಯಲಿ. ಅದಕ್ಕೆ ಯಂತ್ರ ಬೇಕಾಗಬಹುದು, ಬೇಡವಾಗಲೂಬಹುದು, ಹತ್ತಿರ ಕುಳಿತು, "ನಿಮಗೆ ಈಗ ಎಷ್ಟು ಕಾಣುತ್ತದೆ?" ಎಂದು ಕೇಳುವ ವ್ಯವಧಾನವಂತೂ ಬೇಕೇ ಬೇಕು.