ದೇವರು ಬಂದನು, ದೇವರು ಬಂದರು: ಕ್ರೈಸ್ತ ಸೇವೆಯ ಕನ್ನಡದಲ್ಲಿ ಗೌರವದ ವ್ಯಾಕರಣ

ಸಾರಾಂಶ

ಕ್ರೈಸ್ತ ಸೇವೆಯಲ್ಲಿ ಸಂವಹನದ ಪಾತ್ರವನ್ನು ಕುರಿತ ಚರ್ಚೆ ಕನ್ನಡದಲ್ಲಿ ಸಾಮಾನ್ಯವಾಗಿ ಪಾರಿಭಾಷಿಕ ಪದಗಳ ಆಯ್ಕೆಯ ಸುತ್ತಲೇ ನಡೆದಿದೆ. ಈ ಲೇಖನದಲ್ಲಿ ನಾವು ಗಮನವನ್ನು ಪದಕೋಶದಿಂದ ವ್ಯಾಕರಣದ ಕಡೆಗೆ ತಿರುಗಿಸುತ್ತೇವೆ. ಕನ್ನಡ ಬೈಬಲಿನಲ್ಲಿಯೂ ಪ್ರಾರ್ಥನೆಯಲ್ಲಿಯೂ ದೇವರಿಗೆ ಮತ್ತು ಯೇಸುವಿಗೆ ಸಲ್ಲುವ ಸರ್ವನಾಮಗಳು ಹಾಗೂ ಕ್ರಿಯಾಪ್ರತ್ಯಯಗಳು ಮೂಲದಲ್ಲಿಲ್ಲದ ಸಾಮಾಜಿಕ ಅರ್ಥವನ್ನು ಹೊತ್ತುಬರುತ್ತವೆ ಎಂದೂ, ಈ ಹೊರೆಯನ್ನು ಇಳಿಸುವ ದಾರಿ ಕನ್ನಡದಲ್ಲಿಲ್ಲವೆಂದೂ ವಾದಿಸುತ್ತೇವೆ.

ಕೀಲಿಪದಗಳು: ಗೌರವಾರ್ಥಕ ಬಹುವಚನ, ಅನ್ವಯ, ಬೈಬಲ್ ಭಾಷಾಂತರ, ಸಂಬೋಧನೆ, ತುಳು

1. ಪದವನ್ನು ಬದಲಿಸಬಹುದು, ಪ್ರತ್ಯಯವನ್ನಲ್ಲ

ಕ್ರೈಸ್ತ ಸೇವೆ ಬಹುಪಾಲು ಮಾತಿನ ಮೂಲಕ ನಡೆಯುವ ಸೇವೆ. ವಾಚನ, ಬೋಧನೆ, ಪ್ರಾರ್ಥನೆ, ರೋಗಿಯ ಹಾಸಿಗೆಯ ಬಳಿಯ ಸಾಂತ್ವನ, ಸಮಾಧಿಯ ಬಳಿಯ ವಿದಾಯ, ಇವುಗಳಿಂದ ಮಾತನ್ನು ತೆಗೆದರೆ ಉಳಿಯುವುದು ಅಲ್ಪ. ಆದುದರಿಂದ ಈ ಸೇವೆಯಲ್ಲಿ ಸಂವಹನದ ಪಾತ್ರವೇನೆಂಬ ಪ್ರಶ್ನೆಯನ್ನು ಭಾಷಾವಿಜ್ಞಾನಿಗಳು ದೇವಶಾಸ್ತ್ರಜ್ಞರಿಗೇ ಬಿಟ್ಟುಕೊಡಬೇಕಾಗಿಲ್ಲ. ಕನ್ನಡದಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ಪದಗಳ ಕಡೆಗೆ ಹರಿಯುತ್ತದೆ: ‘ಸುವಾರ್ತೆ’ ಎನ್ನಬೇಕೆ ‘ಶುಭಸಂದೇಶ’ ಎನ್ನಬೇಕೆ, ‘ಸಭೆ’ಯೋ ‘ಧರ್ಮಸಭೆ’ಯೋ, ‘ಯೆಹೋವ’ನೋ ‘ಸರ್ವೇಶ್ವರ’ನೋ. ಈ ಚರ್ಚೆ ಅಮುಖ್ಯವೆಂದು ನಾವು ಹೇಳುತ್ತಿಲ್ಲ. ಆದರೆ ಪದಗಳ ವಿಷಯದಲ್ಲಿ ಭಾಷಾಂತರಕಾರನಿಗೆ ಒಂದು ಅನುಕೂಲವಿದೆ. ಒಪ್ಪದ ಪದವನ್ನು ಬಿಟ್ಟು ಇನ್ನೊಂದನ್ನು ಆರಿಸಬಹುದು. ಯಾವುದೂ ಒಪ್ಪದಿದ್ದರೆ ‘ಆಮೆನ್’ ಎಂಬಲ್ಲಿ ಮಾಡಿದಂತೆ ಮೂಲವನ್ನೇ ಉಳಿಸಿಕೊಳ್ಳಬಹುದು.

ವ್ಯಾಕರಣ ಅಷ್ಟು ಉದಾರಿಯಲ್ಲ. ಭಾಷೆಗಳನ್ನು ಪರಸ್ಪರ ಬೇರ್ಪಡಿಸುವುದು ಅವು ಹೇಳಬಲ್ಲ ಸಂಗತಿಗಳಲ್ಲ, ಹೇಳದೆ ಬಿಡಲಾಗದ ಸಂಗತಿಗಳು ಎಂಬ ಅರಿವನ್ನು ರೋಮನ್ ಯಾಕಬ್ಸನ್ 1959ರ ಭಾಷಾಂತರ ಕುರಿತ ಪ್ರಬಂಧದಲ್ಲಿ ಮಂಡಿಸಿದರು. ಕನ್ನಡದ ಪೂರ್ಣಕ್ರಿಯೆ ಸಾಮಾನ್ಯವಾಗಿ ಕರ್ತೃವಿನ ಲಿಂಗ ಮತ್ತು ವಚನಗಳನ್ನು ಸೂಚಿಸದೆ ಮುಗಿಯದು. ಕರ್ತೃ ಮನುಷ್ಯನಾಗಿದ್ದರೆ ಆಡುವವನು ಅವನಿಗೆ ಎಷ್ಟು ಗೌರವ ಕೊಡುತ್ತಾನೆಂಬುದನ್ನೂ ಸೂಚಿಸದೆ ಮುಗಿಯದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇಂತಹ ಬಂಧನವಿಲ್ಲ. ಪಿಲಾತನಿಗೂ ಕುರುಡ ಭಿಕ್ಷುಕನಿಗೂ ದೇವರಿಗೂ ಅಲ್ಲಿ ಮಧ್ಯಮಪುರುಷದ ಏಕವಚನ ಒಂದೇ. ಹೀಗಾಗಿ ಸುವಾರ್ತೆಯ ಪ್ರತಿಯೊಂದು ವಾಕ್ಯದಲ್ಲಿಯೂ ಕನ್ನಡ ಭಾಷಾಂತರಕಾರ ಮೂಲವು ಕೇಳದ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

2. ‘ದೇವರು’ ಎಂಬ ಕರ್ತೃ

‘ದೇವರು’ ರೂಪದಲ್ಲಿ ಬಹುವಚನ. ಅದರ ಕೊನೆಯ -ರು, ‘ಅರಸರು’, ‘ಹಿರಿಯರು’ ಎಂಬಲ್ಲಿ ಕಾಣುವುದೇ. ಹೊಯ್ಸಳರ ಶಾಸನಗಳಲ್ಲಿ ಒಬ್ಬನೇ ಅರಸನನ್ನು ‘ಬಲ್ಲಾಳದೇವರು’ ಎನ್ನುವಾಗ ಈ ಗೌರವಾರ್ಥ ಇನ್ನೂ ಜೀವಂತವಾಗಿದೆ. ಇಂದಿನ ಆಡುಮಾತಿನಲ್ಲಿ ಅದು ಸವೆದು ಪದದ ಅಂಗವೇ ಆಗಿಬಿಟ್ಟಿದೆ. ಆದ್ದರಿಂದಲೇ ಬಹುತ್ವವನ್ನು ಹೇಳಬೇಕಾದಾಗ ‘ದೇವರುಗಳು’ ಎಂದು ಇನ್ನೊಂದು ಪ್ರತ್ಯಯ ಬೇಕಾಗುತ್ತದೆ.

ಈ ನಾಮಪದದೊಡನೆ ಬರುವ ಕ್ರಿಯೆ ಮೂರು ಬಗೆಯದು. ‘ಅವಳ ಮೈಮೇಲೆ ದೇವರು ಬಂತು’ ಎಂಬಲ್ಲಿ, ಜಾತ್ರೆಯಲ್ಲಿ ‘ದೇವರು ಹೊರಟಿತು’ ಎಂಬಲ್ಲಿ ನಪುಂಸಕ. ‘ದೇವರು ದೊಡ್ಡವನು’ ಎಂಬ ಲೋಕರೂಢಿಯ ಮಾತಿನಲ್ಲಿ ಪುಲ್ಲಿಂಗ ಏಕವಚನ. ‘ದೇವರು ಇಷ್ಟಾದರೂ ಕೊಟ್ಟಿದ್ದಾರೆ’ ಎಂಬಲ್ಲಿ ಗೌರವಾರ್ಥಕ ಬಹುವಚನ. ಇವು ಒಂದರ ಬದಲು ಒಂದು ಬರಬಹುದಾದ ಪರ್ಯಾಯಗಳೆಂದು ನಮಗೆ ತೋರುವುದಿಲ್ಲ. ನಪುಂಸಕವು ಮೂರ್ತಿಗೆ ಅಥವಾ ಆವೇಶಕ್ಕೆ ಅಂಟಿಕೊಂಡಿದೆ. ಏಕವಚನವು ಇಡೀ ಲೋಕಕ್ಕೆ ಒಬ್ಬನೇ ಎಂಬ ಭಾವಕ್ಕೆ ಸಮೀಪದ್ದು. ಬಹುವಚನವು ಮನೆಯ ಹಿರಿಯರನ್ನು ಕುರಿತು ಆಡುವ ಮಾತಿನ ವಿಸ್ತರಣೆ.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರಲ್ಲಿ ಕನ್ನಡ ಬೈಬಲ್ ಪೂರ್ಣವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪರಿಷ್ಕರಣೆಯಲ್ಲಿ ಕೈಗೂಡಿಸಿದರು. ಈ ಪರಂಪರೆಯಲ್ಲಿ ಬೆಳೆದು ಇಂದಿಗೂ ಪ್ರೊಟೆಸ್ಟಂಟ್ ಸಭೆಗಳಲ್ಲಿ ಓದಲ್ಪಡುವ ಹಳೆಯ ಭಾಷಾಂತರದ ಅನ್ವಯ ಸ್ಪಷ್ಟವಾಗಿದೆ: ಕರ್ತೃ ‘ದೇವರು’, ಕ್ರಿಯೆ -ನು ಎಂದು ಮುಗಿಯುವ ಏಕವಚನ, ಆತ್ಮಾರ್ಥಕ ಸರ್ವನಾಮ ‘ತನ್ನ’. ‘ದೇವರು ಬಂದನು’ ಎಂಬುದು ಅದರ ಮಾದರಿ. ಕುತೂಹಲದ ಸಂಗತಿಯೆಂದರೆ ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ ‘ಎಲೋಹೀಂ’ ಕೂಡ ರೂಪದಲ್ಲಿ ಬಹುವಚನ, ಇಸ್ರಾಯೇಲರ ದೇವರನ್ನು ಕುರಿತಾಗ ಅದರ ಕ್ರಿಯೆ ಏಕವಚನ. ಭಾಷಾಂತರಕಾರರು ಇದನ್ನು ಬೇಕೆಂದೇ ಅನುಕರಿಸಿದರೆಂದು ಹೇಳಲು ಆಧಾರ ಬೇಕು. ಕನ್ನಡವು ತಾನಾಗಿ ಒದಗಿಸಿದ ರಚನೆ ಮೂಲದ ರಚನೆಗೆ ಹೊಂದಿಕೊಂಡಿತೆನ್ನುವುದಷ್ಟೇ ನಮ್ಮ ಮಾತು.

ಏಕವಚನದ ಆಯ್ಕೆಗೆ ಹಲವು ಕಾರಣಗಳನ್ನು ಊಹಿಸಬಹುದು. ಮಿಷನರಿಗಳ ಇಂಗ್ಲಿಷ್ ಮತ್ತು ಜರ್ಮನ್ ಪ್ರಾರ್ಥನೆಗಳು ದೇವರನ್ನು ಏಕವಚನದಲ್ಲಿಯೇ ಕರೆಯುತ್ತಿದ್ದವು. ಏಕದೇವವಾದವನ್ನು ಸಾರುವವರಿಗೆ ಬಹುವಚನದ ಕ್ರಿಯೆ ಹಿತವಾಗಿರಲಾರದು. ಆದರೆ ಹೆಚ್ಚು ತೂಕದ ಕಾರಣ ಕನ್ನಡದೊಳಗೇ ಇದೆ ಎಂದು ನಾವು ಭಾವಿಸುತ್ತೇವೆ. ನಮ್ಮ ಕಾವ್ಯಗಳಲ್ಲಿ ಶಿವನೂ ಕೃಷ್ಣನೂ ಏಕವಚನದಲ್ಲಿಯೇ ಬರುತ್ತಾರೆ, ಹೋಗುತ್ತಾರೆ. ವಚನಕಾರರೂ ಹರಿದಾಸರೂ ತಮ್ಮ ದೈವವನ್ನು ‘ನೀನು’ ಎಂದೇ ಕರೆದರು. ಪಂಡಿತರ ನೆರವಿನಿಂದ ಗ್ರಂಥಭಾಷೆಯನ್ನು ಕಲಿತವರಿಗೆ ದೇವರ ಏಕವಚನ ಅಗೌರವವೆಂದು ತೋರಲು ಕಾರಣವೇ ಇರಲಿಲ್ಲ.

3. ಆತನು, ಅವನು, ಅವರು

ಯೇಸುವಿನ ವಿಷಯದಲ್ಲಿ ಸಮಸ್ಯೆ ಹೆಚ್ಚು ಕಠಿಣ. ಆತ ಕಥೆಯೊಳಗೆ ನಡೆದಾಡುವ ಮನುಷ್ಯ. ಬೆಸ್ತರೊಡನೆ, ಸುಂಕದವರೊಡನೆ, ಕುಷ್ಠರೋಗಿಗಳೊಡನೆ ಒಂದೇ ವಾಕ್ಯದಲ್ಲಿ ಬರುವವನು. ಹಳೆಯ ಭಾಷಾಂತರ ಇಲ್ಲಿ ಕನ್ನಡದ ಮಧ್ಯಮ ಶ್ರೇಣಿಯ ಸರ್ವನಾಮವನ್ನು ಬಳಸಿಕೊಂಡಿತು: ಯೇಸು ‘ಆತನು’, ಉಳಿದವರು ‘ಅವನು’. ಈ ಏರ್ಪಾಡು ಬಹಳ ಜಾಣತನದ್ದು. ಏಕೆಂದರೆ ‘ಆತನು’ ಗೌರವವನ್ನು ಸರ್ವನಾಮದಲ್ಲಿಯೇ ಮುಗಿಸಿಬಿಡುತ್ತದೆ, ಕ್ರಿಯೆಗೆ ದಾಟಿಸುವುದಿಲ್ಲ. ಆತನು ಎದ್ದನು, ಅವನು ಎದ್ದನು: ಗುರುವೂ ಕುಷ್ಠರೋಗಿಯೂ ಒಂದೇ ಪ್ರತ್ಯಯದಲ್ಲಿ ಎದ್ದುನಿಲ್ಲುತ್ತಾರೆ.

ಇದರ ಮಹತ್ವ ಕನ್ನಡ ಸಮಾಜವನ್ನು ಬಲ್ಲವರಿಗೆ ತಿಳಿಯದಿರದು. ರಾಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಐರೋಪ್ಯ ಭಾಷೆಗಳ ಮಧ್ಯಮಪುರುಷ ಸರ್ವನಾಮಗಳನ್ನು ಅಧಿಕಾರ ಮತ್ತು ಸಖ್ಯ ಎಂಬ ಎರಡು ಅಕ್ಷಗಳ ಮೇಲೆ ವಿವರಿಸಿದರು. ಕನ್ನಡದಲ್ಲಿ ಅಧಿಕಾರದ ಅಕ್ಷ ಮಧ್ಯಮಪುರುಷಕ್ಕೆ ನಿಲ್ಲದೆ ಪ್ರಥಮಪುರುಷದ ಸರ್ವನಾಮಕ್ಕೂ ಕ್ರಿಯೆಗೂ ಹಬ್ಬಿದೆ, ಮತ್ತು ಜಾತಿಯ ಶ್ರೇಣಿಯನ್ನು ಬಹುಕಾಲ ಹಿಂಬಾಲಿಸಿದೆ. ಜೀವಮಾನವೆಲ್ಲ ‘ನೀನು’, ‘ಅವನು’ ಎಂದೇ ಕರೆಸಿಕೊಂಡ ಕೇಳುಗನಿಗೆ, ಉದ್ಧಾರಕನ ಕ್ರಿಯೆಯೂ ತನ್ನ ಕ್ರಿಯೆಯೂ ಒಂದೇ -ನು ಎಂಬುದು ಏನನ್ನು ಹೇಳಿರಬಹುದು? ಬೋಧಕ ಸಮಾನತೆಯನ್ನು ಕುರಿತು ಬಾಯಿ ತೆರೆಯುವ ಮೊದಲೇ ವ್ಯಾಕರಣ ಒಂದು ಮಾತನ್ನು ಆಡಿಯಾಗಿತ್ತು.

ಎರಡನೆಯ ವ್ಯಾಟಿಕನ್ ಸಭೆ 1963ರ ಡಿಸೆಂಬರಿನಲ್ಲಿ ಆರಾಧನೆಯಲ್ಲಿ ಜನಭಾಷೆಯ ಬಳಕೆಗೆ ದಾರಿ ತೆರೆದ ಮೇಲೆ ಕಥೋಲಿಕ ಪೂಜಾವಿಧಿಯೂ ಕನ್ನಡದಲ್ಲಿ ನಡೆಯತೊಡಗಿತು. ಯೂಜೀನ್ ನೈಡಾ ಅದೇ ದಶಕದಲ್ಲಿ ರೂಪಕ್ಕಿಂತ ಕೇಳುಗನ ಪ್ರತಿಕ್ರಿಯೆಯನ್ನು ಮುಂದಿಟ್ಟು ಭಾಷಾಂತರ ಸಿದ್ಧಾಂತವನ್ನು ಕಟ್ಟಿದರು. ಕಥೋಲಿಕ ಬಳಕೆಯಲ್ಲಿಯೂ ಈಚಿನ ಸಾಮಾನ್ಯ ಭಾಷೆಯ ಬೈಬಲಿನಲ್ಲಿಯೂ ದೇವರು ‘ಬಂದರು’, ಯೇಸು ‘ಹೇಳಿದರು’, ‘ತನ್ನ’ ಎಂಬುದು ‘ತಮ್ಮ’ ಆಯಿತು. ಇಂದಿನ ಕನ್ನಡಿಗನ ಕಿವಿಗೆ ಇದೇ ಸಹಜ. ಬದುಕಿರುವ ಗುರುವನ್ನು ಕುರಿತು ‘ಹೇಳಿದನು’ ಎನ್ನಲು ಯಾರ ನಾಲಿಗೆಯೂ ಒಪ್ಪದು. ಆದರೆ ಅದೇ ಪುಟದಲ್ಲಿ ಪೇತ್ರನು ‘ಹೇಳಿದನು’ ಎಂದೇ ಉಳಿದಿದ್ದಾನೆ. ಮೂಲದಲ್ಲಿ ಗುರುಶಿಷ್ಯರಿಬ್ಬರಿಗೂ ಒಂದೇ ಆಗಿದ್ದ ಕ್ರಿಯಾರೂಪ ಈಗ ಪ್ರತಿ ವಾಕ್ಯದಲ್ಲಿಯೂ ಎರಡಾಗಿ ಒಡೆಯುತ್ತದೆ. ಅನ್ವಯದ ವಿಪರ್ಯಾಸವೂ ತಿರುಗಿಬಿದ್ದಿದೆ: ಹಿಂದೆ ಬಹುವಚನರೂಪದ ‘ದೇವರು’ ಏಕವಚನದ ಕ್ರಿಯೆಯನ್ನು ಪಡೆದಿತ್ತು, ಈಗ ಏಕವಚನರೂಪದ ‘ಸರ್ವೇಶ್ವರ’ ಬಹುವಚನದ ಕ್ರಿಯೆಯನ್ನು ಪಡೆಯುತ್ತದೆ.

ಯಾವುದು ಸರಿ? ದೇವರು ಮನುಷ್ಯನಾಗಿ ಮನುಷ್ಯರ ನಡುವೆ ವಾಸಿಸಿದನೆಂಬ ನಂಬಿಕೆಗೆ -ನು ಹತ್ತಿರ. ಕೇಳುಗನ ಶಿಷ್ಟಾಚಾರಕ್ಕೆ -ರು ಹತ್ತಿರ. ಹೊಸ ರೂಪವನ್ನು ಕೇವಲ ಸುಧಾರಣೆಯೆಂದು ಬಣ್ಣಿಸುವವರೊಡನೆ ನಮಗೆ ಸಹಮತವಿಲ್ಲ. ಸ್ಪಷ್ಟತೆಯಲ್ಲಿ ಗಳಿಸಿದ್ದಕ್ಕೆ ಸಾಮೀಪ್ಯದಲ್ಲಿ ಬೆಲೆ ತೆರಲಾಗಿದೆ.

4. ಬಾವಿಯ ಬಳಿ

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಸಮಾರ್ಯದ ಸ್ತ್ರೀಯ ಪ್ರಸಂಗದಲ್ಲಿ ಈ ಸಂಕಟ ಇನ್ನೂ ತೀಕ್ಷ್ಣ. ನೀರು ಕೇಳಿದ ಅಪರಿಚಿತನನ್ನು ಅವಳು ಮೊದಲು ಯೆಹೂದ್ಯನೆಂದು ಗುರುತಿಸುತ್ತಾಳೆ, ಅನಂತರ ಗ್ರೀಕಿನ ‘ಕೂರಿಯೆ’ ಎಂಬ ಸಂಬೋಧನೆಯನ್ನು ಬಳಸುತ್ತಾಳೆ, ಆಮೇಲೆ ಪ್ರವಾದಿಯೆನ್ನುತ್ತಾಳೆ, ಕಡೆಗೆ ಈತ ಮೆಸ್ಸೀಯನಿರಬಹುದೇ ಎಂದು ಊರವರನ್ನು ಕೇಳುತ್ತಾಳೆ. ಗ್ರೀಕಿನಲ್ಲಿ ಅವಳ ‘ನೀನು’ ಮಾತ್ರ ಮೊದಲಿನಿಂದ ಕೊನೆಯವರೆಗೆ ಬದಲಾಗದು. ಬದಲಾಗುವುದು ಅವಳ ತಿಳಿವಳಿಕೆ. ಕನ್ನಡದಲ್ಲಿ ಅವಳು ಮೊದಲ ಮಾತಿನಿಂದಲೇ ‘ನೀವು’ ಎಂದರೆ ಮುಂದೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ‘ನೀನು’ ಎಂದರೆ, ಅವಳು ಒರಟಳೆಂದೋ ಸಲುಗೆಯವಳೆಂದೋ ಕೇಳುಗ ತಿಳಿಯುತ್ತಾನೆ. ನಡುವೆ ಎಲ್ಲಿಯೋ ‘ನೀನು’ವಿನಿಂದ ‘ನೀವು’ಗೆ ಜಾರಿಸಿದರೆ ಕಥನ ಸುಂದರವಾಗುತ್ತದೆ, ಆದರೆ ಆ ತಿರುವಿನ ಕ್ಷಣವನ್ನು ನಿರ್ಧರಿಸಿದವನು ಯೋಹಾನನಲ್ಲ, ಭಾಷಾಂತರಕಾರ. ‘ಕೂರಿಯೆ’ಗೂ ಹೀಗೆಯೇ: ‘ಅಯ್ಯಾ’ ಎಂದರೆ ದಾರಿಹೋಕ, ‘ಸ್ವಾಮೀ’ ಎಂದರೆ ಪೂಜ್ಯ, ‘ಕರ್ತನೇ’ ಎಂದರೆ ಆಗಲೇ ವಿಶ್ವಾಸಿ.

ಇದೇ ಸುವಾರ್ತೆಯಲ್ಲಿ ಯೇಸು ತನ್ನ ತಾಯಿಯನ್ನು ಸಂಬೋಧಿಸುವ ಗ್ರೀಕ್ ಪದದ ವಾಚ್ಯಾರ್ಥ ‘ಸ್ತ್ರೀಯೇ’. ಅದನ್ನು ಹಾಗೆಯೇ ಇಳಿಸಿದರೆ ಕನ್ನಡದ ಮಗನೊಬ್ಬ ತಾಯಿಗೆ ಆಡಬಾರದ ಮಾತಾಗುತ್ತದೆಂಬುದಕ್ಕೆ ವಿವರಣೆ ಬೇಕಿಲ್ಲ.

5. ನೆರೆಯ ತುಳುವಿನ ಪ್ರಶ್ನೆ

ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕನ್ನಡದ ಜೊತೆಗೆ ತುಳುವಿನಲ್ಲಿಯೂ ಬೋಧಿಸಬೇಕಾಯಿತು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಬಂದಿತು. ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಪ್ರಕಟವಾದವು. ಕನ್ನಡದಲ್ಲಿ ಏಳದ ಒಂದು ಪ್ರಶ್ನೆ ಅಲ್ಲಿ ಎದುರಾಗುತ್ತದೆ. ಕೇಳುಗನನ್ನೂ ಒಳಗೊಳ್ಳುವ ‘ನಮ’ ಮತ್ತು ಅವನನ್ನು ಹೊರಗಿಡುವ ‘ಎಂಕುಲು’ ಎಂಬ ಎರಡು ಉತ್ತಮಪುರುಷ ಬಹುವಚನಗಳು ತುಳುವಿನಲ್ಲಿವೆ. ‘ನಮ್ಮ ತಂದೆಯೇ’ ಎಂದು ದೇವರನ್ನೇ ಕರೆಯುವಾಗ ಒಳಗೊಳ್ಳುವ ರೂಪ ಬಳಸಿದರೆ, ದೇವರೂ ಆ ತಂದೆಯ ಮಕ್ಕಳಲ್ಲಿ ಒಬ್ಬನಾಗಿಬಿಡುತ್ತಾನೆ. ಅಲ್ಲಿ ‘ಎಂಕುಲು’ ವರ್ಗದ ಷಷ್ಠಿಯೇ ಬೇಕು. ಅದೇ ಬೋಧಕ ಜನರ ಕಡೆಗೆ ತಿರುಗಿ ‘ನಾವು ಪಾಪಿಗಳು’ ಎನ್ನುವಾಗ ‘ನಮ’ ಎನ್ನದಿದ್ದರೆ ಕೇಳುವವರು ಪಾಪದಿಂದ ಹೊರಗುಳಿಯುತ್ತಾರೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನ ‘ನಾವು’ ಒಮ್ಮೆ ಅವನನ್ನೂ ಅವನ ಜೊತೆಗಾರರನ್ನೂ, ಒಮ್ಮೆ ಎಲ್ಲ ವಿಶ್ವಾಸಿಗಳನ್ನೂ ಸೂಚಿಸುತ್ತದೆ. ಕನ್ನಡ ಆ ಸಂದಿಗ್ಧವನ್ನು ಸಂದಿಗ್ಧವಾಗಿಯೇ ದಾಟಿಸಬಲ್ಲುದು. ತುಳುವಿಗೆ ಆ ಸೌಲಭ್ಯವಿಲ್ಲ.

6. ಪ್ರಾರ್ಥನೆಯಲ್ಲಿ

ಯೇಸು ಕಲಿಸಿದ ಪ್ರಾರ್ಥನೆಯ ಮೊದಲ ಮೂರು ಬಿನ್ನಹಗಳು ಗ್ರೀಕಿನಲ್ಲಿ ಪ್ರಥಮಪುರುಷದ ಆಜ್ಞಾರ್ಥಗಳು. ಅವು ಕನ್ನಡದಲ್ಲಿ -ಲಿ ಪ್ರತ್ಯಯವನ್ನು ಪಡೆಯುತ್ತವೆ. -ಲಿ ಏಕವಚನ ಬಹುವಚನಗಳ ಭೇದವನ್ನರಿಯದು: ಮಗು ಬರಲಿ, ಅರಸರು ಬರಲಿ. ಆದ್ದರಿಂದ ಅಲ್ಲಿ ಗೌರವದ ತೀರ್ಮಾನ ‘ನಿನ್ನ’ ಅಥವಾ ‘ನಿಮ್ಮ’ ಎಂಬ ಷಷ್ಠಿಯೊಂದರಲ್ಲೇ ಅಡಗಿದೆ. ಹಳೆಯ ಪಾಠದ್ದು ‘ನಿನ್ನ’, ಹೊಸತರದ್ದು ‘ನಿಮ್ಮ’. ರೊಟ್ಟಿಯನ್ನು ಬೇಡುವ ಬಿನ್ನಹಕ್ಕೆ ಬಂದಾಗ ಮಾತ್ರ ಮರೆಯಿಲ್ಲ: ‘ಕೊಡು’ ಅಥವಾ ‘ಕೊಡಿ’.

ಎರಡು ಸಂಪ್ರದಾಯಗಳವರು ಒಂದೇ ಮದುವೆಯಲ್ಲಿ, ಒಂದೇ ಶವಸಂಸ್ಕಾರದಲ್ಲಿ ಕೂಡಿ ಈ ಪ್ರಾರ್ಥನೆಯನ್ನು ಹೇಳುವಾಗ ದನಿಗಳು ಷಷ್ಠಿಯಲ್ಲಿ ಬೇರೆಯಾಗಿ -ಲಿಯಲ್ಲಿ ಮತ್ತೆ ಕೂಡುವುದನ್ನು ಕೇಳಬಹುದು. ಹಳೆಯ ಪಾಠವನ್ನು ‘ಆತನು’ ಎಂದು ಓದಿ, ಪುಸ್ತಕ ಮುಚ್ಚಿದೊಡನೆ ‘ಅವರು’ ಎಂದು ವಿವರಿಸುವ ಬೋಧಕರೂ ಇದ್ದಾರೆ. ಬರೆದ ಪಾಠಗಳಿಗಿಂತ ಹೆಚ್ಚಾಗಿ ಈಗ ದಾಖಲಾಗಬೇಕಾದದ್ದು ಪುಸ್ತಕವಿಲ್ಲದ ಪ್ರಾರ್ಥನೆ: ‘ನೀವು’ ಎಂದು ಆರಂಭಿಸಿದ ವ್ಯಕ್ತಿ ದುಃಖ ಉಕ್ಕಿದಾಗ ‘ನೀನು’ ಎನ್ನುತ್ತಾನೆಯೇ, ಅನ್ನುವುದಾದರೆ ಯಾವ ಕ್ರಿಯೆಯಲ್ಲಿ, ಮತ್ತು ಮರಳಿ ‘ನೀವು’ಗೆ ಬರುವುದು ಎಲ್ಲಿ.