ಅರಳುಮರಳಿನ ಒಳಗೆ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ತಮ್ಮ ಕವನಸಂಕಲನಕ್ಕೆ ಅದನ್ನೇ ಹೆಸರಾಗಿಸಿ, ಮರಳಿ ಅರಳುವ ಧ್ವನಿಯನ್ನೂ ಅದರಿಂದ ಹೊರಡಿಸಿದರು. 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದು ಆ ಕೃತಿಗೇ. ಮನೆಮಾತಿನಲ್ಲಾದರೋ ಈ ನುಡಿಗಟ್ಟು ಹಾಸ್ಯಕ್ಕೆ ಮೀಸಲು. ಮುದುಕರ ಮರೆವನ್ನು ಹೊರಗಿನಿಂದ ಕಂಡು ನಗುತ್ತೇವೆ, ಇಲ್ಲವೆ ರೇಗುತ್ತೇವೆ. ಮರೆಯುತ್ತಿರುವವರ ಒಳಗೆ ಏನಾಗುತ್ತಿದೆಯೆಂದು ಕೇಳುವವರು ವಿರಳ.

ಕೇಳಿದವರಲ್ಲಿ ಒಬ್ಬ, ಜರ್ಮನಿಯ ವೈದ್ಯ ಆಲ್ಝೈಮರ್. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದ 51 ವರ್ಷದ ಔಗುಸ್ಟೆ ಡೀಟರ್ ಎಂಬಾಕೆಗೆ ಅವನು ಹೆಸರು ಬರೆಯಹೇಳಿದ. ಆಕೆ ತೊಡಗಿ, ನಡುವೆಯೇ ನಿಂತಳು. ತನ್ನನ್ನು ತಾನೇ ಕಳೆದುಕೊಂಡೆನೆಂಬ ಅರ್ಥದ ಮಾತನ್ನು ಆಕೆ ಆಡಿದಳೆಂದು ಹೇಳುತ್ತಾರೆ. ಕಾಯಿಲೆಗೆ ನಿಂತುದು ವೈದ್ಯನ ಹೆಸರು.

ಯಲಹಂಕದ ಹಳೆಯ ಪೇಟೆಯಲ್ಲಿ ನನಗೆ ಪರಿಚಯದ ಮನೆಯೊಂದುಂಟು. ಅಲ್ಲಿಯ ಹಿರಿಯರು ನಿವೃತ್ತ ಉಪಾಧ್ಯಾಯಿನಿ. ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿ ತಲೆ ನರೆಸಿಕೊಂಡವರು. ಬೆಳಗ್ಗೆ ‘ಬನ್ನಿ ಮೇಷ್ಟ್ರೇ’ ಎಂದು ಕೂರಿಸುತ್ತಾರೆ. ಹೊತ್ತು ಇಳಿದಂತೆ ಚಡಪಡಿಕೆ ಮೊದಲಾಗುತ್ತದೆ. ಸೆರಗು ಸರಿಮಾಡಿಕೊಂಡು ಬಾಗಿಲ ಬಳಿ ನಿಲ್ಲುತ್ತಾರೆ: “ಕತ್ತಲಾಗುತ್ತಾ ಬಂತು, ಮನೆಗೆ ಹೋಗಬೇಕು.”

“ಅಮ್ಮಾ, ಇದೇ ಅಲ್ಲವೆ ನಿನ್ನ ಮನೆ?” ಎನ್ನುತ್ತಾನೆ ಮಗ. ಮಾತು ನಿಜ, ಆದರೆ ಆ ನಿಜದಿಂದ ಅವರಿಗೆ ಸಮಾಧಾನವಿಲ್ಲ. ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗ ಈ ಕಾಯಿಲೆಯಲ್ಲಿ ಮೊದಲು ಸೊರಗುತ್ತದೆ. ಹಳೆಯವು ಬಹುಕಾಲ ನಿಲ್ಲುತ್ತವೆ. ಆದುದರಿಂದ ನಿನ್ನೆ ಮಲಗೆದ್ದ ಕೋಣೆ ಪರಕೀಯ, ಬಾಲ್ಯದ ಹಜಾರ ಕಣ್ಣೆದುರು. ಹೆಬ್ಬಾಳದ ಮೇಲ್ಸೇತುವೆಯ ಸುತ್ತುದಾರಿಗಳಲ್ಲಿ ನೆಟ್ಟಗಿರುವ ನಮಗೇ ಒಮ್ಮೊಮ್ಮೆ ದಿಕ್ಕು ತಪ್ಪುತ್ತದೆ. ಆ ಒಂದು ನಿಮಿಷದ ದಿಗಿಲು ಸಂಜೆಯಿಡೀ ನಿಂತರೆ ಹೇಗಿದ್ದೀತು!

ಸೊಸೆ ಬೇರೆ ದಾರಿ ಹಿಡಿದಿದ್ದಾಳೆ. “ಹೋಗೋಣ ಅತ್ತೆ. ನಿಮ್ಮ ಮನೆಯ ಬಾವಿ ಎಲ್ಲಿತ್ತು, ಹೇಳಿ.” ಅವರು ಕುಳಿತು ಹೇಳತೊಡಗುತ್ತಾರೆ. ಸುಳ್ಳು ಹೇಳಿ ಕೂರಿಸುವುದೆಂದು ಮಗನ ಆಕ್ಷೇಪ. ನನಗೆ ಹಾಗೆ ತೋರದು. 2014ರಲ್ಲಿ ಅಮೆರಿಕದ ಅಯೋವಾದ ಸಂಶೋಧಕರು ಇಂಥ 17 ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರದ ತುಣುಕುಗಳನ್ನು ತೋರಿಸಿದ ಸಂಗತಿಯನ್ನು ಪ್ರಕಟಿಸಿದರು. ಕಂಡುದೆಲ್ಲ ಬಹುಬೇಗ ಮರೆತುಹೋಯಿತು. ಅದು ಎಬ್ಬಿಸಿದ ದುಃಖ ಮಾತ್ರ ಉಳಿದೇ ಇತ್ತು. ಗದರಿದ ಮಾತು ಮರೆತವರಲ್ಲಿಯೂ ಗದರಿಸಿಕೊಂಡ ನೋವು ಉಳಿದೀತು.

ಅವರ ತಾಯಿನುಡಿ ತೆಲುಗು. ಶಾಲೆಯ ಕನ್ನಡ ಈಚೆಗೆ ಹಿಂದೆ ಸರಿಯುತ್ತಿದೆ. ಈಗ ನಿಮ್ಹಾನ್ಸಿನಲ್ಲಿರುವ ಡಾ. ಸುವರ್ಣಾ ಅಲ್ಲಾಡಿಯವರು ಹಿಂದೆ ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ, 2013ರಲ್ಲಿ ಒಂದು ವಿಷಯ ತಿಳಿಸಿದರು: ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ತೋರಿಕೊಂಡುದು ಸುಮಾರು ನಾಲ್ಕೂವರೆ ವರ್ಷ ತಡವಾಗಿ, ಓದುಬರಹವಿಲ್ಲದವರಲ್ಲಿಯೂ ಹೀಗೆಯೇ. ಭಾಷೆ ಕಲಿಸುವ ವೃತ್ತಿಯವನಾದ ನನಗೆ ಇದು ವಿಶೇಷವಾಗಿ ಹಿಡಿಸಿತು. ಮೊಮ್ಮಗಳಿಗೆ ಮಾತ್ರ ತೆಲುಗು ಬಾರದು. ಅಜ್ಜಿ ಹೇಳುವ ಬಾವಿಯ ಕಥೆಯನ್ನು ಆಕೆಗೆ ತಾಯಿ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತಾಳೆ.