ಅಯಸ್ಕಾಂತದ ಮೌನ ಕಾವಲುಗಾರರು

ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಮನೆಗಳಲ್ಲಿ ಎಂಜಿನಿಯರುಗಳಿಗೆ ಕೊರತೆಯಿಲ್ಲ. ನಾನಾದರೋ ಕಲಾ ಪದವೀಧರೆಯಾದ ಗೃಹಿಣಿ. ಊಟದ ಮೇಜಿನ ಮಾತುಗಳಿಂದ ಹುಟ್ಟಿದ ಕುತೂಹಲವನ್ನು ಓದಿ ತಣಿಸಿಕೊಂಡವಳು. ಆ ಓದಿನ ಫಲವನ್ನು ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳ ಮುಂದಿಡುತ್ತಿದ್ದೇನೆ.

ಸೂರ್ಯನ ಒಡಲಲ್ಲಿ ನಡೆಯುವ ಬೈಜಿಕ ಸಮ್ಮಿಲನಕ್ಕೂ ಆಸ್ಟ್ರೇಲಿಯಕ್ಕೂ ಹಳೆಯ ನಂಟಿದೆ. ಅಡಿಲೇಡಿನಲ್ಲಿ ಜನಿಸಿದ ಮಾರ್ಕ್ ಒಲಿಫಂಟ್, ರುದರ್‌ಫರ್ಡ್ ಮತ್ತು ಹಾರ್ಟೆಕ್‌ರೊಡನೆ 1934ರಲ್ಲಿ ಕೇಂಬ್ರಿಜ್‌ನಲ್ಲಿ ಭಾರಜಲಜನಕದ ಬೀಜಗಳನ್ನು ಬೆಸೆದು ತೋರಿಸಿದರು. ಫ್ರಾನ್ಸಿನ ದಕ್ಷಿಣದಲ್ಲಿ ನಿರ್ಮಾಣವಾಗುತ್ತಿರುವ ಐಟರ್ ಯಂತ್ರದಲ್ಲಿ ಭಾರತ ಪಾಲುದಾರ. ಸಿಡ್ನಿಯ ಲ್ಯೂಕಸ್ ಹೈಟ್ಸ್‌ನ ಆನ್‌ಸ್ಟೋ ಸಂಸ್ಥೆ 2016ರಲ್ಲಿ ಅದರೊಡನೆ ಸಹಕಾರ ಒಪ್ಪಂದ ಮಾಡಿಕೊಂಡಿತು.

ಅಲ್ಲಿ 15 ಕೋಟಿ ಡಿಗ್ರಿಗೆ ಕಾಯಿಸಬೇಕಾದ ಪ್ಲಾಸ್ಮಾವನ್ನು ಯಾವ ಲೋಹದ ಪಾತ್ರೆಯೂ ತಾಳಲಾರದು. ಕಾಂತಕ್ಷೇತ್ರವೇ ಅದಕ್ಕೆ ಪಾತ್ರೆ. ಅದನ್ನು ಉಂಟುಮಾಡುವ 18 ಸುರುಳಿಗಳು ಒಂದೊಂದೂ ಸುಮಾರು 17 ಮೀಟರ್ ಎತ್ತರ, 300 ಟನ್ನಿಗೂ ಮಿಗಿಲಾದ ಭಾರ. ಹೀಲಿಯಂ ಹರಿಸಿ ಮೈನಸ್ 269 ಡಿಗ್ರಿಗೆ ತಣಿಸಿದರೆ ಅವುಗಳಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದೆ. ಆದರೆ ಅಷ್ಟು ತಣಿದ ಉಕ್ಕು ತನ್ನ ಎತ್ತರದಲ್ಲಿ ಸುಮಾರು 5 ಸೆಂಟಿಮೀಟರ್ ಕುಗ್ಗುತ್ತದೆ. ವಿದ್ಯುತ್ತು ಹರಿದೊಡನೆ ಭೀಕರ ಬಲಗಳು ಸುರುಳಿಯನ್ನು ಜಗ್ಗುತ್ತವೆ. ಒಳಗಿನ ತಂತಿ ಕಿಂಚಿತ್ತು ಜರುಗಿದರೂ ಘರ್ಷಣೆಯ ಶಾಖದಿಂದ ಅತಿವಾಹಕತೆ ಅಳಿಯಬಹುದು.

ಈ ಜಗ್ಗಾಟವನ್ನು ಅಳೆಯುವವೇ ಸಂವೇದಕಗಳು. ವೀಣೆಯ ತಂತಿ ಬಿಗಿದಂತೆ ಸ್ವರ ಏರುವ ಹಾಗೆ, ಉಕ್ಕಿಗೆ ಅಂಟಿಸಿದ ತೆಳು ಲೋಹದ ಹಾಳೆ ಹಿಗ್ಗಿದಂತೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಆದರೆ ಚಳಿಯೂ ಕಾಂತಕ್ಷೇತ್ರವೂ ಆ ರೋಧವನ್ನು ಬದಲಿಸಬಲ್ಲವು. ಆದುದರಿಂದ ಒತ್ತಡವಿಲ್ಲದ ಅದೇ ಲೋಹದ ತುಂಡಿನ ಮೇಲೆ ಇನ್ನೊಂದನ್ನು ಪಕ್ಕದಲ್ಲಿರಿಸುತ್ತಾರೆ. ಎರಡರ ವ್ಯತ್ಯಾಸವೇ ನಿಜವಾದ ಹಿಗ್ಗು. ಗಾಜಿನ ಎಳೆಯ ಸಂವೇದಕಗಳಲ್ಲಂತೂ ಎಳೆ ಹಿಗ್ಗಿದಂತೆ ಪ್ರತಿಫಲಿಸುವ ಬೆಳಕಿನ ತರಂಗದೂರ ಬದಲಾಗುತ್ತದೆ. ಅದರಲ್ಲಿ ವಿದ್ಯುತ್ತೇ ಇಲ್ಲದ್ದರಿಂದ ಅಯಸ್ಕಾಂತದ ಉಪಟಳ ತಟ್ಟದು. ಯಂತ್ರವನ್ನು ಒಮ್ಮೆ ಮುಚ್ಚಿದ ಮೇಲೆ ಒಳಗಿನ ಸಂವೇದಕವನ್ನು ಬದಲಿಸುವುದು ಬಹು ದುಸ್ತರ.

ಎಚ್ಚರ ತಪ್ಪಿದರೆ ಏನಾಗುವುದೆಂಬುದನ್ನು ಜಿನೀವಾದ ಸರ್ನ್ ಪ್ರಯೋಗಾಲಯ 2008ರ ಸೆಪ್ಟೆಂಬರ್ 19ರಂದು ಕಂಡಿತು. ಅಯಸ್ಕಾಂತಗಳ ನಡುವಿನ ಒಂದು ದೋಷಯುಕ್ತ ವಿದ್ಯುತ್ ಬೆಸುಗೆ ಕೈಕೊಟ್ಟಿತು. ಹೊರನುಗ್ಗಿದ ಹೀಲಿಯಂನ ಒತ್ತಡಕ್ಕೆ ಭಾರಿ ಅಯಸ್ಕಾಂತಗಳೇ ಸ್ಥಳಪಲ್ಲಟಗೊಂಡವು. ಯಂತ್ರ ಮತ್ತೆ ನಡೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅನಂತರ ಬೆಸುಗೆಗಳ ಮೇಲಿನ ಕಾವಲನ್ನು ಬಹಳ ಸೂಕ್ಷ್ಮಗೊಳಿಸಲಾಯಿತು.

ಅತಿವಾಹಕ ಅಯಸ್ಕಾಂತ ನಮಗೂ ದೂರದ್ದಲ್ಲ. ಮೆಲ್ಬರ್ನಿನ ಕ್ಲೇಟನ್‌ನಲ್ಲಿರುವ ಸಿಂಕ್ರೊಟ್ರಾನ್‌ನ ವೈದ್ಯಕೀಯ ವಿಭಾಗದಲ್ಲಿ ಅದಿದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲೂ ಇದೆ. ಸೂರ್ಯನನ್ನು ಧರೆಗಿಳಿಸುವ ಕನಸನ್ನು ಹೊಗಳುವವರು ಬಹಳ. ಕೂದಲೆಳೆಯಷ್ಟು ಜರುಗಿದರೂ ಮೊದಲೇ ತಿಳಿಸುವ ಈ ಕಾವಲುಗಾರರಿಲ್ಲದೆ ಆ ಕನಸು ನಿಲ್ಲದು. ಈ ವಿದ್ಯೆಗೆ ನಮ್ಮ ಮಕ್ಕಳಲ್ಲಿ ಕೆಲವರಾದರೂ ಒಲಿಯಲೆಂದು ಹಾರೈಸುತ್ತೇನೆ.